ಸಂಜೆಯ ಬಾಂಗಿನಲ್ಲಿ ಬೆಳಗಿನ ಮಾತು

ಉಗಾರ ಖುರ್ದ
11 ನವೆಂಬರ್ 1988, ಶುಕ್ರವಾರ

ಶ್ರೀಮನ್ಮಹಾರಾಜಾಧಿರಾಜ, ರಸಗೊಬ್ಬರ ಕಂಪನಿಯವರಿಂದ ಪುಕ್ಕಟೆ ಪ್ರಕಟಿತ, ಕಳೆದ ವರ್ಷವೇ ಅವಧಿ ಮುಗಿದರೂ ಸಿಂಹಾಸನ ಬಿಟ್ಟಿಳಿಯದ, ಪ್ರತಿ ಪುಟದ ಅಡಿಯಲ್ಲೂ ಯೂರಿಯಾದ ಮಹಿಮೆ ಹೊತ್ತ ಡೈರಿ ಮಹಾಪ್ರಭುಗಳ ದಿವ್ಯ ಸನ್ನಿಧಿಗೆ — ಪಿಂಜಾರ ಓಣಿಯ ಲಾಡಸಾಬ ನದಾಫರ ಏಕಮಾತ್ರ ಕುಪುತ್ರ, ಪಿಯುಸಿ ಇಂಗ್ಲಿಷಿನ ಮೇಲೆ ಎರಡು ಸಲ ದಂಡೆತ್ತಿ ಹೋಗಿ ಎರಡು ಸಲವೂ ವೀರಮರಣ ಹೊಂದಿದ ಅಪ್ಪಾಲಾಲನ ಸಾಷ್ಟಾಂಗ ಸಲಾಮುಗಳು.

ವಿಜ್ಞಾಪನೆ ಏನೆಂದರೆ — ಚಹಾ ಮಾಡಿದೆ. ಅಪ್ಪನ ಹೊರಸಿನ ಹತ್ತಿರ ಇಟ್ಟೆ. ಆರಿತು. ಮತ್ತೆ ಕಾಸಿ ಇಟ್ಟೆ. ಆರಿತು. ನಾನೇ ಕುಡಿದೆ. ಬೆಳಗಿನ ದರ್ಬಾರು ಮುಕ್ತಾಯ.

ಸುತ್ತಿನ ಊರಿಗೆಲ್ಲ ಹತ್ತಿ ಹಿಂಜಿ ಗಾದಿ ತುಂಬಿಕೊಟ್ಟ ಅಪ್ಪ ಈಗ ಹಗಲಿಡೀ ತಾನೇ ಗಾದಿಯ ಗುಣಪರೀಕ್ಷೆ ನಡೆಸಿದ್ದಾನೆ. ಮುಖ ಗೋಡೆಗೆ. ಬಕ್ರೀದಿಗೆ ಮುಂಚೆ ಅವ್ವ ಕಾಮಾಲೆಯಾಗಿ ಹೋದಳು. ಅಂದಿನಿಂದ ಪರೀಕ್ಷೆ ಮುಗಿದಿಲ್ಲ. ಜ್ವರವಿಲ್ಲ, ನೋವಿಲ್ಲ. ಕೇಳಿದರೆ ‘ಏನೂ ಇಲ್ಲ’ ಅನ್ನುತ್ತಾನೆ. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಅದನ್ನೂ ನಾನೇ ಕುಡಿಯುತ್ತಿದ್ದೇನೆ. ಸಿಹಿಯಾಗಿದೆ.

ಇಂದು ಜುಮ್ಮಾ. ಅಪ್ಪ ಏಳಲಿಲ್ಲ. ಐದು ಹೊತ್ತು ತಪ್ಪಿಸದ ಮನುಷ್ಯ. ಮಸೂತಿ ನಮ್ಮ ಮನೆಯಿಂದ ನಾಲ್ಕು ಮನೆಯಾಚೆ. ಬಾಂಗ್ ಕೇಳಿದಾಗ ಚಾದರ ತಲೆ ಮೇಲೆ ಎಳೆದುಕೊಂಡ. ಬಾಂಗ್ ಕೇಳಿದರೆ ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳು ಅವ್ವ… ಅದು ಬೇರೆ.


13 ನವೆಂಬರ್, ಸಂಜೆ

ಮುಲ್ಲಾ ಕಾಕಾ ಬಂದಿದ್ದರು. ಮಸೂತಿಯ ಮುಲ್ಲಾ, ಇಡೀ ಓಣಿಗೆ ಕಾಕಾ. ಹೊರಸಿನ ಅಂಚಿಗೆ ಕೂತರು.

“ಲಾಡ್ಯಾ, ಜುಮ್ಮಾಕ್ಕೂ ಬರ್ಲಿಲ್ಲಲ್ಲೋ.”

ಅಪ್ಪ ಗೋಡೆಗೆ ಹೇಳಿದ: “ಯಾವ ಮಾರಿ ಹೊತ್ಕೊಂಡ ಬರ್ಲಿ ಕಾಕಾ. ಬೇಡಿದ್ದ ಕೊಡ್ಲಿಲ್ಲಂತ ಅವನ ಮ್ಯಾಲ ಸಿಟ್ಟ ಐತಿ ಹೊಟ್ಯಾಗ. ಹಿಂಥಾ ಹೊಟ್ಟಿ ಇಟ್ಕೊಂಡ ಹಣಿ ನೆಲಕ್ಕ ಹಚ್ಚಿ ಸಜ್ದಾ ಮಾಡಿದ್ರ ನಾಟಕ ಆಕ್ಕೈತಿ.”

“ಸಿಟ್ಟ ತಗೊಂಡ ಬಾ. ಚಪ್ಪಲ ಹೊರಗ ಬಿಡ್ರಿ ಅಂತ ಬೋರ್ಡ ಹಚ್ಚೇವಿ. ಸಿಟ್ಟ ಹೊರಗ ಬಿಡ್ರಿ ಅಂತ ಹಚ್ಚಿಲ್ಲ.”

“ಇಮಾನ್, ನಂಬಿಗಿ ಗಟ್ಟಿ ಇದ್ದಾಂವ ಹಿಂಗ ಬೀಳಾಂಗಿಲ್ರಿ. ನಂದ ಕಡಿಮಿ ಬಿದ್ದೈತಿ.”

“ಯಾರ ಹೇಳಿದ್ರು ನಿನಗ? ಪೈಗಂಬರ್ರೊಳಗ ಒಬ್ರು ಮಗನ್ನ ನೆನಸಿ ಅತ್ತತ್ತ ಕಣ್ಣ ಬೆಳ್ಳಗ ಮಾಡ್ಕೊಂಡ್ರು. ಅವರ ಇಮಾನ್ ಅಳಿಯಾಕ ನಾ ಯಾರು, ನೀ ಯಾರು? ಅಳೂದ ಗುನ್ನೆ ಅಲ್ಲೋ. ಗ್ವಾಡಿ ಮುಂದ ಅಳೂದ ಬಿಟ್ಟ ನಮ್ಮ ಸಾಲಿನ್ಯಾಗ ನಿಂತ ಅಳು. ಅಷ್ಟ ಕೇಳ್ತೇನಿ.”

ಕಾಕಾ ಬಹಳ ಹೊತ್ತು ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದು, ನನ್ನ ಕಡೆ ತಿರುಗಿದರು.

“ನಾಳಿ ರೈಲಿಗೆ ಮಿರಜಿಗೆ ಹೊಂಟೇನಿ, ಕಣ್ಣಿನ ಆಪರೇಶನ್. ಪಟ್ಟಿ ಬಿಚ್ಚೂಮಟ ಮಗಳ ಮನ್ಯಾಗ ಇರ್ತೇನಿ. ಅಲ್ಲೀತನಾ ಬಾಂಗ್ ನಿನ್ನ ಕಡೆ.”

“ನನ್ನ ಕಡೆ?”

“ನಾ ಇಲ್ಲದಾಗ ನಿಮ್ಮಪ್ಪ ಕೊಡ್ತಿದ್ದ. ಅಂವ ಮಲಗ್ಯಾನ. ನೀ ಬಜಾರದಾಗ ಗಾದಿ ರಿಪೇರೀ ಅಂತ ಒದರಿದ್ರ ಶೇಡಬಾಳತನಾ ಕೇಳ್ತೈತಿ. ಗಂಟಲ ಐತಿ, ಬುದ್ಧಿ ಅಲ್ಲಾ ಕೊಡ್ತಾನ. ಮೈಕಿನ್ಯಾಗ ಮಸ್ಕಿರಿ ಮಾಡಿದ್ಯಂದ್ರ ನೋಡು, ಕಣ್ಣಿಗೆ ಪಟ್ಟಿ ಇದ್ರೂ ಬಂದ ಬಡೀತೇನಿ.”

ಕಾಕಾನ ಅನುಮಾನಕ್ಕೆ ಆಧಾರವಿದೆ. ಗೆಳೆಯ ಧರಣೇಂದ್ರನ ಕಿರಾಣಿ ಅಂಗಡಿಯ ಸಕ್ಕರೆ ಡಬ್ಬಿಯಲ್ಲಿ ಹತ್ತಿ ತುಂಬಿ ಮೇಲೊಂದು ಹಿಡಿ ಸಕ್ಕರೆ ಉದುರಿಸಿದವನು ನಾನು. ಹತ್ತಿಯ ಗಡ್ಡ ಅಂಟಿಸಿಕೊಂಡು ಸಕ್ಕರೆ ಫ್ಯಾಕ್ಟರಿ ಗೇಟಿನಲ್ಲಿ ಹೊಸ ಪೀರಸಾಬ ಬಂದಿದ್ದಾರೆಂದು ಎಂಟಾಣೆ ವಸೂಲಿ ಮಾಡಿದವನೂ ನಾನೇ. ಅವ್ವ ಬೈದಳು. ಆಮೇಲೆ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.


15 ನವೆಂಬರ್

ಅಧಿಕಾರ ಸ್ವೀಕಾರ ಸಮಾರಂಭ ನೆರವೇರಿತು. ಬೆಳಗಿನ ಬಾಂಗ್ ಕೊಟ್ಟೆ. ಕಾಕಾ ಇಲ್ಲದಾಗ ನಮಾಜು ಓದಿಸುವವರು ಬಾಬಾಲಾಲ ಮಾಸ್ತರು, ರಿಟೈರ್ಡ್. ‘ಪಾಸ್’ ಅಂದರು. ಜೀವನದಲ್ಲಿ ಒಬ್ಬ ಮಾಸ್ತರು ನನಗೆ ಆ ಶಬ್ದ ಹೇಳಿದ್ದು ಇದೇ ಮೊದಲು.

ಧರಣೇಂದ್ರ ಮಾತ್ರ ದಾರಿ ಕಾಯುತ್ತಿದ್ದ.

“ಲೇ ಅಪ್ಪ್ಯಾ, ನಿನ್ನ ದನಿ ಕೇಳಿ ನಮ್ಮಪ್ಪ ಹರಕ ಗಾದಿ ಹೊರಗ ತಂದ ಇಟ್ಟಾನ. ಬಂದ ಒಯ್ಯಿ.”

“ಹೊಲಿದ ಕೊಡ್ತೇನಿ, ಒಳಗ ನಿನ್ನ ಸಕ್ಕರಿ ತುಂಬಿ.”

ಬೆಳಗಿನ ಬಾಂಗಿನಲ್ಲಿ ಒಂದು ಮಾತು ಹೆಚ್ಚು — ನಿದ್ದೆಗಿಂತ ನಮಾಜು ಮೇಲು. ಎರಡು ಸಲ ಹೇಳಬೇಕು. ಉಳಿದ ನಾಲ್ಕು ಹೊತ್ತಿಗೆ ಅದಿಲ್ಲ. ಚಿಕ್ಕವನಿದ್ದಾಗ ಆ ಮಾತು ಬಂತೆಂದರೆ ಅವ್ವನ ಒದ್ದೆ ಕೈ ನನ್ನ ಮುಖದ ಮೇಲೆ. ‘ಕೇಳಿದಿಲ್ಲೊ? ನಿನಗ ಹೇಳಾಕತ್ತಾರ, ಹೆಸರ ಹಿಡದ.’ ಎಷ್ಟೋ ವರ್ಷ ಅದು ನನ್ನೊಬ್ಬನಿಗೇ ಹೇಳುವ ಮಾತು ಅಂತ ನಂಬಿದ್ದೆ. ಕಾಕಾ ಅಂದರೆ ಬಹಳ ಸಿಟ್ಟಿತ್ತು.

ಮನೆಗೆ ಬಂದೆ. ಅಪ್ಪ ಚಾದರದೊಳಗೆ.


20 ನವೆಂಬರ್, ಮುಂಜಾನೆ

ಬಾಂಗ್ ಮುಗಿಸಿ ಕಟ್ಟೆಗೆ ಕೂತೆ. ಕಬ್ಬಿನ ಗಾಡಿಗಳು ಸಾಲಾಗಿ ಫ್ಯಾಕ್ಟರಿಗೆ ಹೊರಟಿದ್ದವು. ಎತ್ತಿನ ಕೊರಳ ಗಂಟೆ ಕೇಳಿ ಹಳೆಯದೆಲ್ಲ…

ಲಗ್ನದ ಸೀಜನ್ ಬಂತೆಂದರೆ ನಾವು ಮೂವರೂ ಊರೂರು. ಅಪ್ಪನ ಸೈಕಲ್ಲು, ಹಿಂದೆ ಹಿಂಜುವ ಬಿಲ್ಲು ಕಟ್ಟಿದ್ದು, ಮುಂದಿನ ದಂಡಿಯ ಮೇಲೆ ನಾನು. ಅವ್ವ ದಬ್ಬಣ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಬರುವಳು, ನಮಗಿಂತ ಮೊದಲೇ ಮುಟ್ಟಿ ‘ಎಲ್ಲಿ ಕುಂತಿದ್ರಿ ಇಷ್ಟೊತ್ತ’ ಅನ್ನುವಳು. ಅಲಖನೂರಿನ ತಾರಾಬಾಯಿಯವರ ಪಡಸಾಲೆ ನೆನಪಿದೆ. ಮಗಳ ಲಗ್ನಕ್ಕೆ ಜೋಡಿ ಗಾದಿ. ಅಪ್ಪ ಬಿಲ್ಲು ಮೀಟುತ್ತಿದ್ದ, ಟುಂಯ್ ಟುಂಯ್. ಹತ್ತಿ ಹಾರಿ ಹಾರಿ ನಾವು ಮೂವರೂ ಮುದುಕರಾಗುತ್ತಿದ್ದೆವು — ತಲೆ, ಹುಬ್ಬು, ಕಣ್ಣೆವೆ ಎಲ್ಲ ಬಿಳಿ. ಅವ್ವ ಮುದುಕಿಯಾದದ್ದನ್ನು ನಾನು ನೋಡಿದ್ದು ಅಷ್ಟೇ. ಸಂಜೆ ಸ್ನಾನ ಮಾಡಿ ಮತ್ತೆ ಹರೆಯದವಳಾಗುತ್ತಿದ್ದಳು.

ಮರಳುವಾಗ ನಮಾಜಿನ ಹೊತ್ತಾದರೆ ಕಾಲುವೆ ದಂಡೆಗೆ ಸೈಕಲ್ ನಿಲ್ಲುತ್ತಿತ್ತು. ಅಂಥ ದಿನ ಅವ್ವನೂ ಬಸ್ಸು ಬಿಟ್ಟು ನಮ್ಮ ಜೊತೆ ನಡೆಯುವಳು. ಅಪ್ಪ ಟಾವೆಲ್ ಹಾಸಿ, ಸಣ್ಣ ದನಿಯಲ್ಲಿ ಬಾಂಗ್ ಕೊಡುವನು, ನಮ್ಮ ಮೂವರಿಗೆ ಮಾತ್ರ. ಒಂದು ಸಲ ಎಮ್ಮೆ ಕಾಯುವ ಮಾಳಸಿದ್ದ ಎಮ್ಮೆ ತರುಬಿ ನಿಂತು ಕೇಳಿದ. ಮುಗಿದ ಮೇಲೆ, “ಯಾರನ್ ಕರದ್ರಿ ಸಾಬ್ರ? ಯಾರೂ ಬರ್ಲಿಲ್ಲಲ್ಲ” ಅಂದ. ಅವ್ವ ಅಂದಳು, “ನೀ ಬಂದಿ, ನಿನ್ನ ಎಮ್ಮಿ ಬಂತು. ಇನ್ನೇನ ಬೇಕೋ ಯಪ್ಪಾ.” ಅಪ್ಪನಿಗೆ ನಗು ತಡೆಯಲಾಗದೆ ನಮಾಜು ಎರಡು ಸಲ ಶುರು ಮಾಡಬೇಕಾಯಿತು.

ಇದನ್ನು ಅಪ್ಪನಿಗೆ ಹೇಳಿದೆ ಈಗ. ಗೋಡೆ ಕೇಳಿಸಿಕೊಂಡಿತು.


25 ನವೆಂಬರ್

ಬರೆಯಲು ವಿಶೇಷವಿಲ್ಲ.


3 ಡಿಸೆಂಬರ್, ಶನಿವಾರ, ರಾತ್ರಿ ಊಟವಾದ ಮೇಲೆ

ಲಿಪಿಕಾರರೇ, ಸುವರ್ಣಾಕ್ಷರಗಳನ್ನು ತೆಗೆಯಿರಿ.

ಇಂದು ಸಂಜೆಯ ಬಾಂಗಿನಲ್ಲಿ, ಮೈಕಿನಲ್ಲಿ, ಇಡೀ ಊರು ಚಹಾ ಕುಡಿಯುವ ಹೊತ್ತಿನಲ್ಲಿ ಈ ಅಪ್ಪಾಲಾಲನು ಬೆಳಗಿನ ಮಾತನ್ನು ಸೇರಿಸಿದನು. ನಿದ್ದೆಗಿಂತ ನಮಾಜು ಮೇಲು. ಎರಡು ಸಲ, ರಾಗವಾಗಿ. ಹೊರಗೆ ಚಹಾದಂಗಡಿಯಲ್ಲಿ ನಗು. ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡುತ್ತಿದ್ದ ಬಾಬಾಲಾಲ ಮಾಸ್ತರರ ಕೈಯಿಂದ ನೀರಿನ ತಂಬಿಗೆ ಜಾರಿತು.

ಮುಗಿಸಿ ತಿರುಗಿದರೆ ಗೇಟಿನಲ್ಲಿ ಅಪ್ಪ. ಬನಿಯನ್ನು, ಲುಂಗಿ, ಬರಿಗಾಲು, ಕೆದರಿದ ಗಡ್ಡ. ತಾನಾಗಿ ಎದ್ದು, ತಾನಾಗಿ ನಡೆದು ಬಂದಿದ್ದಾನೆ.

“ಲೇ ಬೇವಕೂಫ, ಇದೇನ್ ಮುಂಜಾನಿ ಏನೋ? ಮಸ್ಕಿರಿ ಮಾಡಾಕ ಬ್ಯಾರೆ ಜಾಗಾ ಸಿಗ್ಲಿಲ್ಲ ನಿನಗ?”

ನಾನು ಅತ್ಯಂತ ಗಂಭೀರವಾಗಿ: “ಮಲಗಿದವ್ರು ಎದ್ದಾಗನ ಮುಂಜಾನಿ ಅಪ್ಪಾ.”

ಹೊಡೆಯಲು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಮಾಸ್ತರು ನಡುವೆ ಬಂದು, ಮಸೂತಿಯ ಪ್ಲಾಸ್ಟಿಕ್ ಟೊಪ್ಪಿಗೆಯೊಂದನ್ನು ಅಪ್ಪನ ತಲೆ ಮೇಲೆ ಇಟ್ಟರು. “ಬಡಿಯೂದ ಆಮ್ಯಾಲ ಬಡೀರಿ ಲಾಡಸಾಬ. ಸಂಜಿ ಮಗರಿಬ್ ಹೊತ್ತ ಸಣ್ಣದು. ವುಜೂ ಮಾಡ್ರಿ.”

ಅಪ್ಪ ತಂಬಿಗೆ ಎತ್ತಿಕೊಂಡ. ಸಾಲಿನಲ್ಲಿ ನನ್ನ ಪಕ್ಕದಲ್ಲಿ ನಿಂತ. ಸಜ್ದಾದಲ್ಲಿ ಅವನ ಭುಜ ಅಲುಗುತ್ತಿತ್ತು, ಏಳುವಾಗ ಮಾತ್ರ ನಿಲ್ಲುತ್ತಿತ್ತು. ಸಾಲಿನಲ್ಲಿದ್ದವರು ಯಾರೂ ನೋಡಲಿಲ್ಲ. ನೋಡದ ಹಾಗೆ ನಿಲ್ಲುವುದನ್ನು ಕಲಿತವರು.

ಮನೆಗೆ ಬಂದು ರೊಟ್ಟಿ ಕೇಳಿದ. ಸೀದಿತ್ತು. ತಿಂದ.

ತಂತ್ರ ಫಲಿಸಿತು. ಶರಾ: ಇದು ಪೂರ್ವಯೋಜಿತ.


5 ಡಿಸೆಂಬರ್

ಊರ ತುಂಬ ನನ್ನದೇ ಸುದ್ದಿ. ಧರಣೇಂದ್ರ ಅಂಗಡಿಯಿಂದಲೇ ಕೂಗಿದ, “ಎಂಥಾ ಖಿಲಾಡಿಯೋ ನೀ! ನಮ್ಮವ್ವ ಅಂತಾಳ, ಹೆತ್ರ ಹಿಂಥಾವನ್ನ ಹೆರಬೇಕು. ಬರೋಬ್ಬರಿ ನನ್ನ ಮುಂದ ನಿಂತ ಅಂತಾಳ.”

ಅಪ್ಪ ಈಗ ಬಾಂಗ್ ಕಲಿಸುತ್ತಿದ್ದಾನೆ. ಹೊರಸಿನ ಮೇಲೆ ಕೂತು. ಎಲ್ಲಿ ಉಸಿರು ತಗೋಬೇಕು, ಎಲ್ಲಿ ಎಳೆಯಬೇಕು. “ಒದರಬ್ಯಾಡ. ನೀ ಗಿರಾಕಿ ಕರ್ಯಾಕತ್ತಿಲ್ಲ. ನಿಮ್ಮವ್ವ ಅಡಗಿಮನ್ಯಾಗ ಅದಾಳ, ಆಕಿಗೆ ಕೇಳಿಸ್ಬೇಕು, ಆದ್ರ ಬೆಚ್ಚಿಬೀಳಬಾರ್ದು, ಹಂಗ ಕರಿ.” ಹೇಳಿ, ಚಾದರ ಮಡಚಿಟ್ಟ. ನಂತರ, “ಹಂಗ ಕರೀತಿದ್ದೆ ನಾ” ಅಂದ.

ಮಧ್ಯಾಹ್ನ ಮತ್ತೆ ಗೋಡೆಗೆ ತಿರುಗಿ ಮಲಗಿದ. ಇಳಿಹೊತ್ತಿನ ಅಸರ್ ನಮಾಜಿಗೆ ಎದ್ದ. ಎದ್ದನಲ್ಲ, ಅಷ್ಟು ಸಾಕು.


18 ಡಿಸೆಂಬರ್

ಕಾಕಾ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು. ಅಪ್ಪನನ್ನು ಮುಟ್ಟಿ ಮುಟ್ಟಿ ನೋಡಿದರು.

“ಇನ್ನೂ ಸಿಟ್ಟ ಐತೇನೋ?”

“ಐತ್ರಿ. ದಿನಾ ತಗೊಂಡ ಹೋಗ್ತೇನಿ. ಸ್ವಲ್ಪ ಸ್ವಲ್ಪ ಅಲ್ಲೇ ಬಿಟ್ಟ ಬರ್ತೇನಿ.”

ಆಮೇಲೆ ಅಪ್ಪ ನನ್ನ ಪರಾಕ್ರಮ ಹೇಳಿದ. ಹೇಳುತ್ತ ಹೇಳುತ್ತ ನಕ್ಕ. ಮಾಳಸಿದ್ದನ ಎಮ್ಮೆಯ ನಂತರ ಆ ನಗು ಕೇಳಿರಲಿಲ್ಲ. “ನನ್ನ ಎಬ್ಬಸಾಕ ಊರ ಮುಂದ ಮರ್ಯಾದಿ ಕಳಕೊಂಡ್ನಲ್ರಿ ನನ್ನ ಮಗಾ.”

ಕಾಕಾ ನಗಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು ಮಸೂತಿಯ ಗೇಟಿನವರೆಗೆ ಕರೆದೊಯ್ದರು.

“ಖರೇ ಹೇಳು. ಬೇಕಂತ ಮಾಡಿದ್ಯೋ?”

“ಹೌದ್ರಿ ಕಾಕಾ.”

“ಬೇಕಂತ ಮಾಡಿದ್ರ ತಪ್ಪಾತಂತ ತೌಬಾ ಮಾಡ್ಕೊ, ಅದ ಆಟದ ಸಾಮಾನಲ್ಲ. ತಪ್ಪಿ ಬಾಯಾಗ ಬಂದಿದ್ರ ಮಾಫ ಐತಿ.” ಕನ್ನಡಕದ ಹಿಂದೆ ಕಣ್ಣು ಕಾಣಿಸಲಿಲ್ಲ. “ನೀ ಯಾಕೋ ಸೊರಗಿ ಅಪ್ಪಾಲಾಲ?”

“ಟಾನಿಕ್ ಬಂದ್ ಆತ್ರಿ” ಅಂದೆ.


8 ಜನವರಿ 1989, ಮಬ್ಬುಗತ್ತಲು

ಕಾಕಾ ಬೆಳಗಿನ ಸರದಿ ಬಿಟ್ಟುಕೊಟ್ಟಿದ್ದಾರೆ, ಅಪ್ಪ ಬಾಂಗ್ ಕೊಡಲು ಹೋಗಿದ್ದಾನೆ. ಹೋಗುವಾಗ ‘ಬಾ’ ಅಂದ. ಬಂದೆ ಅಂದಿದ್ದೇನೆ.

ಪೂರ್ವಯೋಜಿತ ಅಂತ ಬರೆದದ್ದು ಸುಳ್ಳು. ಯಾರೂ ಓದದ ಡೈರಿಗೂ ಸುಳ್ಳು ಬರೆದೆ.

ಮಸ್ಕಿರಿ ಮಾಡಿರಲಿಲ್ಲ. ಅಂದು ಮಧ್ಯಾಹ್ನದ ನಮಾಜಾದ ಮೇಲೆ ಹಿಂದಿನ ಹತ್ತಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೆ. ಅಂದೊಂದೇ ದಿನವಲ್ಲ, ದಿನವೂ. ಅಪ್ಪ ಗೋಡೆಯ ಕಡೆ ತಿರುಗಿರುತ್ತಿದ್ದ, ನೋಡುವವರು ಯಾರು. ಅಂದಿನ ಅಸರ್ ಬಾಂಗ್ ಮಾಸ್ತರರೇ ಕೊಟ್ಟರಂತೆ, ನನಗೆ ಕೇಳಿಸಲೂ ಇಲ್ಲ. ಎಚ್ಚರಾದಾಗ ಬಾಗಿಲ ಸಂದಿಯಲ್ಲಿ ಮಬ್ಬು ಬೆಳಕು. ಬೆಳಗಾಯಿತು, ಹೊತ್ತು ಮೀರಿತು ಅಂತ ಓಡಿದೆ. ‘ಇದೇನ್ ಮುಂಜಾನಿ ಏನೋ’ ಅಂತ ಅಪ್ಪ ಕೇಳಿದಾಗಲೇ ನನಗೆ ಗೊತ್ತಾದದ್ದು, ಅದು ಸಂಜೆ ಅಂತ. ಅಪ್ಪನಿಗೆ ಕೊಟ್ಟ ಉತ್ತರ ಬಾಯಿಗೆ ಬಂದದ್ದು ಬರೀ ಮಸ್ಕಿರಿಯ ಅಭ್ಯಾಸ.

ಈಗ ಅಪ್ಪನಿಗೆ ಹೇಳಿದರೆ ಮತ್ತೆ ಮಲಗುತ್ತಾನೇನೋ ಎಂಬ ಹೆದರಿಕೆ. ಆದರೆ ಸಾಲಿನಲ್ಲಿ ನಿಂತು ಅಳಬಹುದು ಅಂತ ಕಾಕಾ ಹೇಳಿದ್ದು ಅಪ್ಪನೊಬ್ಬನಿಗೇ ಏನು… ಬಾಂಗ್ ಶುರುವಾಯಿತು. ಇವತ್ತು ನಮಾಜಾದ ಮೇಲೆ, ಚಪ್ಪಲಿ ಹಾಕಿಕೊಳ್ಳುವಾಗ ಹೇಳಿಬಿಡುತ್ತೇನೆ — ಅಪ್ಪಾ, ನನಗೂ ಏಳಾಕ ಆಗವಲ್ದು.