ಗೋವಾ ಗಾಡಿಯ ಹೊತ್ತಿಗೆ ಬರುವ ಬಿಳಿ ಮುದುಕಿ

ಶಹಾಪುರ, ಬೆಳಗಾವಿ
೧೮ ನವೆಂಬರ್ ೨೦೨೪

ಪ್ರೀತಿಯ ತಮ್ಮಾ ಅಮರ,

ಹೇಗಿದ್ದೀಯಾ? ಕಳೆದ ಸಲ ನಾನು ಗೋವೆಯ ಜೈಲಿಗೆ ಬಂದಾಗ ನೀನು ಕೆಮ್ಮುತ್ತಿದ್ದೆ, ಡಾಕ್ಟರಿಗೆ ತೋರಿಸಿದೆಯಾ? ನಾವು ಆರಾಮ. ನನಗೆ ಆಸ್ಪತ್ರೆಯ ವಾರ್ಡಿನ ಕೆಲಸ, ಅವ್ವನಿಗೆ ಹಿಟ್ಟಿನ ಗಿರಣಿ. ಸಂಜೆ ಒಂದೇ ಖೋಲಿಯಲ್ಲಿ ಕುಳಿತರೂ ಮಾತು ಬೆಳೆಯುವುದಿಲ್ಲ. ಅಪಘಾತದ ಕೇಸಿನಲ್ಲಿ ನೀನು ಒಳಗೆ ಹೋದದ್ದನ್ನು ಮುಚ್ಚಿಟ್ಟು, ಇನ್ನೂ ಲಾರಿ ಓಡಿಸುತ್ತಿದ್ದಾನೆ ಎಂದು ಅವ್ವನಿಗೆ ಹೇಳಿದವಳು ನಾನೇ ಅಲ್ಲವೆ. ಬಾಯಿ ಬಿಟ್ಟರೆ ಎಲ್ಲಿ ನಿಜ ಹೊರಬೀಳುತ್ತದೋ ಎಂದು ಬೇಗ ಮಲಗಿಬಿಡುತ್ತೇನೆ.

ಒಂದು ತಿಂಗಳಿಂದ ಸ್ಟೇಶನ್ನಿನಲ್ಲಿ ದೆವ್ವ ಕಾಣುತ್ತದೆಂದು ಊರೆಲ್ಲ ಮಾತು. ಬೆಳ್ಳನೆಯ ಮುದುಕಿಯಂತೆ, ಗೋವಾ ಗಾಡಿ ಹೊರಡುವಾಗ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ನಡೆದು ಮಾಯವಾಗುತ್ತಾಳಂತೆ. ವಾರ್ಡಿನ ಪೂನಮ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು; ಮಸುಕು ಆಕಾರ ಬಿಟ್ಟು ಏನೂ ತಿಳಿಯಲಿಲ್ಲ. ಶನಿವಾರ ಖಾನಾಪುರದ ನಮ್ಮ ಹಳೆಯ ಮನೆ ನೋಡಿಬರೋಣವೆಂದು ಸಂಜೆ ನಾನೇ ಸ್ಟೇಶನ್ನಿಗೆ ಹೋದೆ. ನನ್ನ ಪ್ಯಾಸೆಂಜರ್ ಇನ್ನೂ ಬಂದಿರಲಿಲ್ಲ. ಎದುರಿಗಿದ್ದ ಗೋವಾ ಗಾಡಿ ಅಲುಗಿದ್ದೇ ತಡ, ಜನ ಹಿಂದೆ ಸರಿದರು. ಚಹಾ ಮಾರುವ ಸಿದರಾಯ, "ಮುಂದ ಹೋಗಬ್ಯಾಡ್ರಿ ಅಕ್ಕಾರ," ಎಂದು ತಡೆದ.

ತಮ್ಮಾ, ಅದು ನಮ್ಮ ಅವ್ವ. ಗಿರಣಿಯಿಂದ ನೇರ ಬಂದಿದ್ದಳು. ಕೂದಲು, ಹುಬ್ಬು, ಕೈ ಎಲ್ಲ ಹಿಟ್ಟು. ಕೆನ್ನೆಯ ಮೇಲೆ ಮಾತ್ರ ಎರಡು ಒದ್ದೆ ಗೆರೆ. ಗಾಡಿ ವೇಗ ಹಿಡಿದಾಗ ಸರಳು ಬಿಟ್ಟು, ಕಂಬದ ಹಿಂದಿನ ನಲ್ಲಿಯಲ್ಲಿ ಮುಖ, ಕೈ ತೊಳೆದು ತಲೆಗೆ ಸೆರಗು ಹೊದ್ದಳು. ತೊಳೆದ ಮೇಲೆ ಅವಳೂ ಗುಂಪಿನಲ್ಲೊಬ್ಬಳು. ಮಾಯವಾಗುತ್ತಾಳೆ ಎಂದದ್ದು ಅದಕ್ಕೇ. ಇಲ್ಲಿಗೇಕೆ ಬರುತ್ತೀ ಎಂದು ಕೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ಗಾಡಿ ಅಂವನ ಕಡಿ ಹೋಗತೈತಿ," ಎಂದಳು. "ಮನ್ಯಾಗ ಅತ್ತರ ನೀ ಹೆದರ್ತಿ. ಸ್ಟೇಶನ್ನ್ಯಾಗ ಅತ್ತರ ಯಾರೂ ಏನೂ ಕೇಳಂಗಿಲ್ಲ."

ನಾನು ಖಾನಾಪುರಕ್ಕೆ ಹೋಗಲಿಲ್ಲ. ಅವಳ ಕೈ ಹಿಡಿದು ಹೊರಟರೆ ಜನ ನಮ್ಮತ್ತ ತಿರುಗಿಯೂ ನೋಡಲಿಲ್ಲ. ಒಂದು ತಿಂಗಳು ಅಷ್ಟು ಜನರ ನಡುವೆ ಹೀಗೇ ಒಬ್ಬಳೇ ನಡೆದಿದ್ದಳಲ್ಲ ಎಂದು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ. ನಮ್ಮ ದೇವರು ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ತ್ರಿವೇಣಿ

ತಾ.ಕ.: ಟಪಾಲಿನ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ನಾನು ವಕೀಲರೊಂದಿಗೆ ಫೋನಿನಲ್ಲಿ ಆಡಿದ ಮಾತನ್ನು ಅವ್ವ ದಸರೆಗೂ ಮೊದಲೇ ಕೇಳಿಸಿಕೊಂಡಿದ್ದಾಳೆ. ಅವಳಿಗೆ ಎಲ್ಲ ಗೊತ್ತು. ಬರುವ ಭೇಟಿಗೆ ಅದೇ ಗಾಡಿಯಲ್ಲಿ ನನ್ನ ಜೊತೆ ಬರುತ್ತಾಳೆ. ಲಾರಿ, ಮಾಲೀಕ, ರಜೆ ಎಂದು ಏನೂ ನೆವ ಹೇಳಬೇಡ. ಅವ್ವಾ ಎಂದು ಕರೆ, ಸಾಕು.