ಮೈಲುತುತ್ತದ ನೀರು

ಯಾದಗಿರಿ
೧೩ ಆಜುರ್, ಫಸಲಿ ೧೩೫೫

ಬಳಿಚಕ್ರದ ಊರಕಟ್ಟೆಯ ಮೇಲೆ ಆಸೀನರಾದ ಮಹಾಜನರೇ, ಇದನ್ನು ಗಟ್ಟಿಯಾಗಿ ಓದುತ್ತಿರುವ ಹಣಮಂತ್ರಾಯ ಮಾಸ್ತರರೇ, ಎಲೆಅಡಿಕೆ ಉಗುಳಲು ಅರ್ಧಕ್ಕೇ ಏಳುವ ಬಸ್ಸಮ್ಮನವರೇ, ಮತ್ತು ಅಕ್ಷರ ಬಾರದಿದ್ದರೂ ಎಲ್ಲರಿಗಿಂತ ಮುಂದೆ ಕುಳಿತಿರುವ ನನ್ನ ಅಕ್ಕ ತಿಮ್ಮವ್ವಳೇ, ದೇವಿಂದ್ರಪ್ಪನ ಶರಣು.

ಅಕ್ಕ, ಮಾಸ್ತರರಿಂದ ನೀನು ಬರೆಸಿದ ಕಾಗದ ಮುಟ್ಟಿತು. ‘ಜ್ವಾಳ ಬಿತ್ತಿ ಒಂಬತ್ತ್ ದಿನಾತೋ ತಮ್ಮಾ, ಒಂದ್ ಮೊಳಕಿ ಎದ್ದಿಲ್ಲ’ ಎಂದಿದ್ದೀ. ಬಸ್ಸಮ್ಮ ಬದುವಿನ ಮೇಲೆ ನಿಂತು, ‘ಮುಂಡಿ ಕೈ ತಾಕಿ ಬೀಜಾನೂ ಸತ್ತಾವ’ ಅಂದಳಂತೆ. ಬಸ್ಸಮ್ಮ ಸಸ್ಯಶಾಸ್ತ್ರ ಓದಿದವಳಲ್ಲ. ಆದರೂ ಊರಿಗೆ ಊರೇ ಹೇಳುವುದನ್ನು ನಾನೊಬ್ಬ ಹೇಗೆ ಅಲ್ಲಗಳೆಯಲಿ?

ಮದುವೆಯಲ್ಲಿ ಅವ್ವ ನಿನ್ನ ಉಡಿಯಲ್ಲಿ ಹಾಕಿದ ತೆನೆಯ ವಂಶವದು. ಒಲೆಯ ಹೊಗೆಯಲ್ಲಿ ತೂಗುವ ಆ ಬೀಜವನ್ನು ತವರಿನ ಗಂಡಸೇ ಇಳಿಸಬೇಕು; ಪ್ರತಿ ವರ್ಷದಂತೆ ನಾನೇ ಇಳಿಸಿದೆ. ತೆನೆಯನ್ನು ಕರಿಪುಡಿ ಮಾಡುವ ಕಾಡಿಗೆ ರೋಗ ಬಾರದಿರಲೆಂದು ಮೈಲುತುತ್ತದ ನೀಲಿ ನೀರಿನಲ್ಲಿ ಅದ್ದಿಯೂ ಕೊಟ್ಟೆ. ‘ನಮ್ಮ ತಮ್ಮ ಬೀಜಕ್ಕ ಔಷಧ ಕುಡಿಸ್ಯಾನ’ ಎಂದು ಓಣಿಗೆಲ್ಲ ಸಾರಿದವಳು ನೀನೇ. ತಮ್ಮ ಮಾಡುವುದನ್ನು ಮಾಡಿದ. ಬಿತ್ತಿದ ಕೈ ನಿನ್ನದು.

ಹೈದರಾಬಾದಿನ ವಿಶ್ವವಿದ್ಯಾಲಯದ ಪರೀಕ್ಷಕರು ಮುಂದಿನ ವಾರ ನಿಮ್ಮೂರಿಗೇ ಬರುತ್ತಾರೆ. ಹನ್ನೊಂದು ವರ್ಷ ತೆನೆಗೆ ಕಾಗದದ ಚೀಲ ಕಟ್ಟಿ, ತಳಿಗೆ ತಳಿ ಕೂಡಿಸಿ ನಾನು ಹುಟ್ಟಿಸಿದ ‘ದೇವಿಂದ್ರ ಜೋಳ’ದಂಥದ್ದು ಮೊದಲೇ ಯಾರ ಮನೆಯಲ್ಲಾದರೂ ಇತ್ತೇ ಎಂದು ನೋಡುತ್ತಾರಂತೆ. ಇಲ್ಲವೆಂದಾದರೆ ನಾನು ಪ್ರೊಫೆಸರ್. ಬಾಗಿದ ಕತ್ತು, ಮುತ್ತಿನ ಕಾಳು: ನೋಡಲು ನಿನ್ನದರಂತೆಯೇ ಇದೆ. ನಿನ್ನದು ಇನ್ನೆಲ್ಲಿ, ಪಾಪ. ಅವರು ಹೋದ ಮೇಲೆ ಎರಡು ಸೇರು ಕಳಿಸುತ್ತೇನೆ, ಬಿತ್ತಿಕೋ. ಚೀಲದ ಮೇಲೆ ನನ್ನ ಹೆಸರಿರುತ್ತದೆ, ಓದಿಸಿ ಕೇಳು.

ಬೀಜ ಹೋದರೆ ಹೋಗಲಿ ಅಕ್ಕ,
ಪ್ರೊಫೆಸರಿಕೆ ಮನೆಗೇ ಪಕ್ಕಾ.

ನಿನ್ನ ಕೈತುತ್ತು ತಿಂದು ಬೆಳೆದ ತಮ್ಮ,
ದೇವಿಂದ್ರಪ್ಪ

ಮರೆತ ಮಾತು: ಮಾಸ್ತರರೇ, ಇದನ್ನು ಗಟ್ಟಿಯಾಗಿ ಓದಬೇಡಿ. ಮಿಕ್ಕ ಕಾಳನ್ನು ನೀವು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿದ್ದೀರಿ, ಒಂದೂ ಮೊಳೆತಿಲ್ಲ. ‘ತುತ್ತದಾಗ ಎಷ್ಟ್ ಹೊತ್ತು ಇಟ್ಟಿದ್ರಿ?’ ಎಂದು ಅವಳ ಕಾಗದದ ಅಂಚಿನಲ್ಲಿ ಕೇಳಿದ್ದೀರಿ. ಓದಿದವರಿಗೆ ಸುಳ್ಳು ಹೇಳಿ ಉಪಯೋಗವಿಲ್ಲ. ಹತ್ತು ನಿಮಿಷ ಸಾಕು. ನಾನು ಎರಡು ದಿನ ಇಟ್ಟೆ, ಸಾಯಲೆಂದೇ ಇಟ್ಟೆ. ನಾನು ಯಾವ ತಳಿಯನ್ನೂ ಕೂಡಿಸಿಲ್ಲ. ನನ್ನ ಜೋಳ ಅವಳ ಜೋಳವೇ.

ಕೆಳಗಿನ್ನೂ ಏನೋ ಬರೆದಿದ್ದಾನಲ್ಲ ಎಂದು ಅವಳು ಬೆರಳಿಟ್ಟು ಕೇಳುತ್ತಾಳೆ. ‘ನಿನಗ ನಮಸ್ಕಾರ ಹೇಳ್ಯಾನ’ ಅನ್ನಿ.