ತುಂಬಿಸಿ ಕೊಟ್ಟ ಬಟ್ಟಲಿಗೆ ನೋಟಿಸು

ಮಾನ್ಯ ಜಿಲ್ಲಾ ಮುಖ್ಯಾಧಿಕಾರಿಗಳೇ,

ನಮ್ಮ ಬಡಾವಣೆಯ ಮನೆಮನೆಗೂ ನೀವು ನಲ್ಲಿ ಕೊಟ್ಟಿದ್ದೀರಿ, ನೀರು ಕೊಟ್ಟಿಲ್ಲ. ಹೀಗಿರುವಾಗ ಬರುವ ಭಾನುವಾರ ಈ ಬಡಾವಣೆಯ ಬೆನ್ನಿಗೇ ಇನ್ನೊಂದು ಸಾಲು ನಿವೇಶನಗಳನ್ನು ಚೀಟಿ ಎತ್ತಿ ಹಂಚಲು ಹೊರಟಿದ್ದೀರಿ. ನೀರು ಕೇಳಿದಾಗ ಉತ್ತರಿಸದ ನಿಮ್ಮ ಕಚೇರಿ, ನಾನು ಒಂದು ಬಟ್ಟಲಿಗೆ ಚಹಾ ಸುರಿದಾಗ ಮಾತ್ರ ತಕ್ಷಣ ನೋಟಿಸು ಕಳಿಸಿದೆ: ‘ಅತಿಥಿಗಳನ್ನು ಅವಮಾನಿಸಿ ಬಡಾವಣೆಯ ಸೌಹಾರ್ದ ಕೆಡಿಸಿದ್ದೀರಿ, ಕಾರಣ ತಿಳಿಸಿ.’ ತಿಳಿಸುತ್ತೇನೆ. ಕಚೇರಿಗೆ ಬಂದರೆ ಕಾಗದ ಕಳೆದುಹೋಗುತ್ತದೆ, ಆದ್ದರಿಂದ ಪತ್ರಿಕೆಯಲ್ಲಿ.

ನಾನು ಪೇಟೆಯಲ್ಲಿ ಪರದೆ ಬಟ್ಟೆ ಮಾರಿ ಮೇಲೆ ಬಂದವಳು. ಬೆರಳಿಗೆ ತಾಕಿದರೆ ಸಾಕು, ಯಾವ ಬಟ್ಟೆ ಎಷ್ಟು ಬಿಸಿಲಿಗೆ ಬಾಳುತ್ತದೆಂದು ಹೇಳಬಲ್ಲೆ. ಊರಾಚೆ ಮನೆ ಮಾಡಲು ಹೊರಟಾಗಲೂ ಕಣ್ಣು ಮುಚ್ಚಿಕೊಂಡು ಹೊರಟಿರಲಿಲ್ಲ. ಸಮುದ್ರದ ಕಡೆಯ ಬಡಾವಣೆ ನೋಡಿದೆ. ಉಪ್ಪು ಗೋಡೆಗಳನ್ನು ಮೊಣಕಾಲೆತ್ತರದವರೆಗೆ ತಿಂದಿತ್ತು. ರೈಲುಹಳಿಯ ಪಕ್ಕದ್ದು ನೋಡಿದೆ. ಗೇಟುಗಳು ಆಳೆತ್ತರ, ಒಳಗಿನಿಂದ ನಾಯಿಗಳ ಹೊರತು ಯಾರೂ ಮಾತಾಡಿಸಲಿಲ್ಲ. ಮೂರನೆಯದು ನಿಮ್ಮದು. ಬಾಗಿಲುಗಳೆಲ್ಲ ಗಾಳಿಗೆ ಬೆನ್ನು ಹಾಕಿದ್ದವು, ಬೀದಿಯಲ್ಲಿ ಒಂಟೆಗಳು ನಿರಾಳವಾಗಿ ಮಲಗಿದ್ದವು, ಒರಿನ್‌ಶಾ ಎಂಬ ಹೆಣ್ಣುಮಗಳು ದಾರಿಯಲ್ಲೇ ತಡೆದು ಚಹಾಕ್ಕೆ ಕರೆದಳು. ಹೊಸಬರಿಗೆ ಹಳಬರು ಉಣಬಡಿಸುವ ನಮ್ಮ ಎರುಲಿಕ್ ಪದ್ಧತಿಯನ್ನು ನಾವಿನ್ನೂ ಬಂದು ನೆಲೆಸುವ ಮೊದಲೇ ಶುರುಮಾಡಿದ್ದಳು! ಅವಳೇ ಹೂಜಿ ಹಿಡಿದು ನಮ್ಮ ಕೈಗೆ ನೀರು ಹನಿಸಿದಳು. ಬಟ್ಟಲಿಗೆ ಒಂದು ಬೆರಳಷ್ಟೇ ಚಹಾ ಹಾಕಿದಳು. ಮುಗಿಸಿದರೆ ಮತ್ತೆ ಒಂದು ಬೆರಳು.

ಪದವಿಗೇರಿದ ಮೇಲೆ ನೀವು ಮರೆತಿದ್ದರೆ ನೆನಪಿಸುತ್ತೇನೆ: ನಮ್ಮಲ್ಲಿ ಸ್ವಲ್ಪ ಸ್ವಲ್ಪ ಸುರಿದರೆ ‘ಇನ್ನೂ ಕೂತಿರು’ ಎಂಬ ಅಕ್ಕರೆ. ಅಂಚಿನವರೆಗೆ ತುಂಬಿಸಿದರೆ ‘ಕುಡಿದು ಎದ್ದು ಹೋಗು’. ನಾನು ಕರಗಿಹೋದೆ. ದಾರಿಯಲ್ಲಿ ಗಂಡ ಇಸಾತಾಯ್‌ಗೆ ಹೇಳಿದೆ, “ಇಷ್ಟು ಮರ್ಯಾದೆ ನನಗೆ ನಮ್ಮ ತವರಲ್ಲೂ ಸಿಕ್ಕಿಲ್ಲ ಕಣ್ರೀ. ಇಲ್ಲೇ ತಗೊಳ್ಳೋಣ.” ತಗೊಂಡೆವು. ಸಾಮಾನು ಇಳಿಸಿ ನಲ್ಲಿ ತಿರುಗಿಸಿದರೆ ಮುದಿ ಒಂಟೆಯಂತೆ ಒಮ್ಮೆ ಬುಸುಗುಟ್ಟಿ ಸುಮ್ಮನಾಯಿತು. ಬಿಂದಿಗೆ ಹಿಡಿದು ಒರಿನ್‌ಶಾಳ ಮನೆಗೆ ಹೋದೆ. ಅವಳು ಬಾಗಿಲಲ್ಲೇ ಅತ್ತಳು.

“ಅವತ್ತು ಮನೇಲಿ ಇದ್ದಿದ್ದೇ ಒಂದು ಕೆಟಲ್ ನೀರು ಆಪಾ. ಟ್ಯಾಂಕರ್ ಬಂದಿರ್ಲಿಲ್ಲ. ಅದಕ್ಕೇ ಒಂದೊಂದೇ ಬೆರಳು ಹಾಕಿದ್ದು. ನೀವು ನೋಡಿದ್ರೆ ಏಳೋ ಹಾಗೇ ಕಾಣ್ಲಿಲ್ಲ!”

“ಒಂದು ಮಾತು ಹೇಳಬಾರದಿತ್ತೇನೇ?”

“ಮನೆಗೆ ಬಂದೋರ ಮುಂದೆ ನೀರಿಲ್ಲ ಅಂತ ಹೇಳೋದಾ? ನಾಲಿಗೆ ಏಳ್ತದಾ ನಿಮಗೆ?”

ಏಳುವುದಿಲ್ಲ. ಇಡೀ ಸಂಗತಿ ಇರುವುದೇ ಅಲ್ಲಿ. ಅತಿಥಿ ನಲ್ಲಿ ತಿರುಗಿಸಿ ಪರೀಕ್ಷೆ ಮಾಡಬಾರದು, ಮನೆಯವರು ಕೊರತೆ ಹೇಳಬಾರದು. ನಮ್ಮ ಈ ಸಂಕೋಚವನ್ನು ನಿಮ್ಮ ಕಚೇರಿ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದೆ! ನಿವೇಶನ ನೋಡಲು ಬರುವವರಿಗೆಲ್ಲ ಹಳೆಯ ನಿವಾಸಿಗಳೇ ಎರುಲಿಕ್ ಮಾಡಬೇಕೆಂದು ಈ ವಸಂತದಲ್ಲಿ ಹೇಳಿಕಳಿಸಿದಿರಿ. ಮಾಂಸ ನಮ್ಮದು, ರೊಟ್ಟಿ ನಮ್ಮದು, ಮಾನ ನಮ್ಮದು. ಮಾರಾಟ ಮಾತ್ರ ನಿಮ್ಮದು. ಇದಕ್ಕಿಂತ ಅಗ್ಗದ ಜಾಹೀರಾತನ್ನು ನಾನಂತೂ ಪೇಟೆಯಲ್ಲಿ ಕಂಡಿಲ್ಲ.

ಹೋದ ಭಾನುವಾರ ನನ್ನ ಸರದಿ. ಬಂದವರು ದಾರ್ಮೆನ್, ಅವನ ಹೆಂಡತಿ ಅಕ್‌ಬೋತಾ. ಅವಳಿಗೆ ದಿನ ತುಂಬುತ್ತಿದೆ. ಮುಂಗಡ ಕಟ್ಟಲೆಂದು ಅವನು ದುಡಿಮೆಯ ಕಾರನ್ನೇ ಮಾರಿದ್ದಾನೆ. ಜೊತೆಗೆ ನಿಮ್ಮ ಕಚೇರಿಯ ಕಿರಿಯ ಅಧಿಕಾರಿಯೊಬ್ಬರು, ಊಟದ ಹಾಸಿನ ಗೌರವದ ಜಾಗದಲ್ಲಿ.

“ಆಪಾ, ನೀರು ಹೇಗೆ?” ಎಂದು ಆ ಹುಡುಗಿ ಮೆಲ್ಲಗೆ ಕೇಳಿದಳು.

“ಕೊಳವೆ ಹಾಕಿ ಆಗಿದೆಯಮ್ಮ,” ಕಿರಿಯರು ನನಗಿಂತ ಮೊದಲು ಬಾಯಿ ಹಾಕಿದರು. “ಈ ಮನೇಲೇ ನಲ್ಲಿ ಇದೆ. ಅಲ್ವಾ ಆಪಾ?”

ಇದೆ. ಅದರಲ್ಲಿ ಸುಳ್ಳೇನಿಲ್ಲ. ‘ನೀರಿಲ್ಲ’ ಎಂಬ ಮೂರಕ್ಷರದ ಬದಲು ನಾನು ಕೆಟಲ್ ಎತ್ತಿ ದಾರ್ಮೆನ್‌ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದೆ.

“ಏ, ಕೈ ಜಾರಿತೇನೇ?” ಎಂದರು ಇಸಾತಾಯ್.

“ಜಾರಿಲ್ಲ.”

ದಾರ್ಮೆನ್‌ನ ಕಿವಿ ಕೆಂಪಾಯಿತು. “ಅರ್ಥ ಆಯ್ತು ಆಪಾ. ಹಿಂದಿನ ಸೈಟು ನಿಮ್ಮೋರಿಗೇ ಇರ್ಲಿ ಅಂತ ಅಲ್ವಾ? ನೋಡ್ತಾ ಇರಿ, ಚೀಟೀಲಿ ಅದೇ ಬಂದ್ರೆ ನಿಮ್ಮ ಗೋಡೆಗೆ ಗೋಡೆ ಸೇರ್ಸೇ ಕಟ್ತೀನಿ!” ಎಂದವನೇ, ತುಂಬು ಬಸುರಿಯ ಕೈಹಿಡಿದು ಎಬ್ಬಿಸಿಕೊಂಡು ಹೊರಟ. ನಾನು ಬಾಗಿಲವರೆಗೆ ಓಡಿ ಕೂಗಿದೆ. ನಿಮ್ಮ ಕಿರಿಯರು ಕಾರಿನ ಗಾಜು ಏರಿಸಿದರು. ಮರುದಿನವೇ ಅವನು ಮುಂಗಡ ಕಟ್ಟಿದನೆಂದು ಕೇಳಿದೆ. ಅವನನ್ನು ಉಳಿಸಲು ಹೋಗಿ, ಹಟಕ್ಕೆ ಬೀಳಿಸಿ ನಿಮ್ಮ ಕೈಗೇ ಒಪ್ಪಿಸಿದಂತಾಯಿತು.

ಬಟ್ಟಲಿಗೆ ಸಾಧ್ಯವಾಗದ್ದನ್ನು ಈಗ ಬಾಯಿಬಿಟ್ಟು ಹೇಳುತ್ತೇನೆ: ನಮ್ಮ ಬಡಾವಣೆಯಲ್ಲಿ ನೀರಿಲ್ಲ. ಟ್ಯಾಂಕರ್ ಬಂದರೆ ಉಂಟು, ಮರಳುಗಾಳಿ ಎದ್ದರೆ ಅದೂ ಇಲ್ಲ. ಹಡೆದ ಹೆಣ್ಣು ಕೂಸಿನ ಬಟ್ಟೆಯನ್ನು ಯಾವುದರಲ್ಲಿ ಒಗೆಯಬೇಕು, ನಿಮ್ಮ ನಕ್ಷೆಯ ನೀಲಿ ಗೆರೆಯಲ್ಲೇ?

ನನ್ನ ಬೇಡಿಕೆ ದೊಡ್ಡದಲ್ಲ. ಚೀಟಿ ಎತ್ತುವ ಮೊದಲು, ಬಂದ ಅಷ್ಟೂ ಕುಟುಂಬಗಳ ಎದುರಿಗೆ, ನೀವೇ ನಮ್ಮ ಬೀದಿಯ ಯಾವುದಾದರೂ ಒಂದು ನಲ್ಲಿಯನ್ನು ತಿರುಗಿಸಿ. ನೀರು ಬಂದರೆ ನಾನು ದಾರ್ಮೆನ್‌ನ ಬಾಗಿಲಿಗೆ ಕುರಿ ಹೊಡೆದುಕೊಂಡು ಹೋಗಿ ಕ್ಷಮೆ ಕೇಳುತ್ತೇನೆ. ಬಾರದಿದ್ದರೆ ಚೀಟಿಯ ಡಬ್ಬಿ ಮುಚ್ಚಿ, ಅವರವರ ಮುಂಗಡವನ್ನು ಅಲ್ಲೇ ನಿಂತು ವಾಪಸು ಕೊಡಿ. ನೀವು ಬರಲಿಕ್ಕಿಲ್ಲ. ಹಾಗಾಗಿ ಕೊನೆಯ ಮಾತು ನಿಮಗಲ್ಲ.

ದಾರ್ಮೆನ್, ಮಗಾ, ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಭಾನುವಾರ ಬೆಳಿಗ್ಗೆ ಸ್ವಲ್ಪ ಬೇಗ ಬಾ. ನಮ್ಮ ಮನೆ ಬೇಡ, ಬೇರೆ ಯಾವ ಮನೆಗಾದರೂ ನುಗ್ಗು. ಸಲಾಮು ಹೇಳಬೇಡ, ಕೂರಬೇಡ, ಚಹಾ ಕುಡಿಯಬೇಡ. ನೆಟ್ಟಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸು. ಈ ಬೀದಿಯಲ್ಲಿ ಒಬ್ಬರೂ ನಿನ್ನನ್ನು ಮರ್ಯಾದೆಗೆಟ್ಟವನು ಎನ್ನುವುದಿಲ್ಲ.

ಇಂತಿ,
ಅತಿಥಿಯನ್ನು ಎಬ್ಬಿಸಿ ಕಳಿಸಿದವಳೆಂದು ಪೇಟೆಯಲ್ಲೆಲ್ಲ ಹೆಸರಾದ,
ಪರದೆ ಅಂಗಡಿಯ ಬಲ್ಗಾನಿಮ್